ಹಳೇ ಡೆಸ್ಕ್‌ಟಾಪ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಕೂರುತ್ತದೆಯೇ?

ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ

ಮೈಸೂರು, ಮಂಡ್ಯ ಕಡೆಯಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೇ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಯ ಚಿತ್ರ ಮೂಡಿಸುವ ಬಿಡಿಭಾಗ, ಹಾಕಿಸುವ ವಿಚಾರದವು. ಅವುಗಳಲ್ಲಿ ಆರನ್ನು ಎತ್ತಿಕೊಂಡಿದ್ದೇವೆ. ಮೊದಲ ಉತ್ತರ ಉದ್ದವಾಗಿದೆ. ಉಳಿದವರೂ ಅದನ್ನು ಓದಿಕೊಂಡೇ ತಮ್ಮ ಉತ್ತರಕ್ಕೆ ಹೋಗಲಿ, ಪರೀಕ್ಷಿಸುವ ಕ್ರಮ ಎಲ್ಲರಿಗೂ ಒಂದೇ.

ಪ್ರಶ್ನೆ: 2013ರಲ್ಲಿ ಜೋಡಿಸಿ ತಂದ ಕಂಪ್ಯೂಟರ್ ನಮ್ಮಲ್ಲಿದೆ. ಐ5-3470 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್. ಕ್ಯಾಬಿನೆಟ್ ಜೊತೆಗೇ ಬಂದ 450 ವಾಟ್ ಎಸ್‌ಎಂಪಿಎಸ್ ಇದೆ. ಎಂಜಿನಿಯರಿಂಗ್ ಓದುವ ಮಗನಿಗೆ ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್ ತಂತ್ರಾಂಶ ಕಲಿಯಬೇಕು, ಒಂದಷ್ಟು ಗೇಮ್ ಕೂಡ ಆಡಬೇಕು. ಅಂಗಡಿಯವರು "ಯಾವ ಕಾರ್ಡ್ ಬೇಕಾದರೂ ಹಾಕಬಹುದು ಸಾರ್" ಅನ್ನುತ್ತಾರೆ. ನಂಬಬಹುದೇ?
(ಓದುಗರೊಬ್ಬರು, ಕುವೆಂಪುನಗರ, ಮೈಸೂರು)

ಉತ್ತರ: ಯಾವ ಕಾರ್ಡ್ ಬೇಕಾದರೂ ಸ್ಲಾಟ್‌ನಲ್ಲಿ ಕೂತೀತು, ಆದರೆ ಕೂತದ್ದೆಲ್ಲ ಓಡುವುದಿಲ್ಲ. ಕಾರ್ಡಿನ ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಒಳಗೆ ಕೈ ಹಾಕುವ ಮುಂಚೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ.

ಮೊದಲು ನೋಡಬೇಕಾದ್ದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ. ನಮ್ಮ ಅಭಿಪ್ರಾಯದಲ್ಲಿ ಹಳೇ ಯಂತ್ರಗಳ ಹಣೆಬರಹವನ್ನು ನಿರ್ಧರಿಸುವುದು ಇದೇ. ಡಬ್ಬಿಯ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ದಪ್ಪಕ್ಷರದ 450ನ್ನು ಬಿಟ್ಟು ಕೆಳಗಿನ ಕೋಷ್ಟಕ ಓದಿ. ಅಲ್ಲಿ ಹೀಗಿದೆ ಎಂದಿಟ್ಟುಕೊಳ್ಳೋಣ: 3.3 ವೋಲ್ಟ್‌ಗೆ 20 ಆಂಪಿಯರ್, 5 ವೋಲ್ಟ್‌ಗೆ 30 ಆಂಪಿಯರ್, 12 ವೋಲ್ಟ್‌ಗೆ 14 ಆಂಪಿಯರ್. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವಾಟ್ ಸಿಗುತ್ತದೆ. ಮೊದಲನೆಯದು 66, ಎರಡನೆಯದು 150, ಮೂರನೆಯದು 168. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಬಹುತೇಕ 12 ವೋಲ್ಟ್ ಸಾಲಿನಿಂದ. ಅಂದರೆ 450 ಎಂದು ಬರೆದುಕೊಂಡ ಈ ಡಬ್ಬಿಯಲ್ಲಿ ನಿಮ್ಮ ಕೆಲಸಕ್ಕೆ ಬರುವುದು 168 ವಾಟ್ ಮಾತ್ರ. 5 ವೋಲ್ಟ್ ಸಾಲಿನಲ್ಲಿ ಎಷ್ಟು ತುಂಬಿಸಿಟ್ಟಿದ್ದರೂ ಕಾರ್ಡಿಗೆ ಅದರಿಂದ ಉಪಯೋಗವಿಲ್ಲ.

ಈಗ ಖರ್ಚಿನ ಲೆಕ್ಕ. ಐ5-3470 ಪ್ರೊಸೆಸರಿನ ನಿಗದಿ 77 ವಾಟ್. ಬೋರ್ಡಿನ ಮೇಲೆ ಅದಕ್ಕೆ ತಕ್ಕ ವೋಲ್ಟೇಜ್ ಇಳಿಸುವಾಗ ಆಗುವ ನಷ್ಟ ಸೇರಿಸಿದರೆ 90ರ ಆಸುಪಾಸು. ಹಾರ್ಡ್‌ಡಿಸ್ಕ್, ಫ್ಯಾನ್‌ಗಳಿಗೆ 15 ಇಡಿ. ಕಾರ್ಡ್ 75 ವಾಟಿನದಾದರೆ ಅದರಲ್ಲಿ 66 ವಾಟ್ ಸ್ಲಾಟಿನ 12 ವೋಲ್ಟ್‌ನಿಂದ ಬರುತ್ತದೆ. ಎಲ್ಲ ಕೂಡಿದರೆ 171. ಚೀಟಿ ಪೂರ್ತಿ ನಿಜವೇ ಆಗಿದ್ದರೂ ಆಗಲೇ ಮಿತಿ ದಾಟಿತು. ಹತ್ತು ವರ್ಷಕ್ಕೂ ಹೆಚ್ಚು ಓಡಿದ ಕೆಪಾಸಿಟರ್‌ಗಳಿಂದ ಆ ಚೀಟಿಯ ಲೆಕ್ಕವನ್ನೂ ನಿರೀಕ್ಷಿಸುವಂತಿಲ್ಲ. ಹಿಂಬದಿಯಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ, ಕೈಯಲ್ಲಿ ಎತ್ತಿದಾಗ ಹಗುರ ಅನ್ನಿಸಿದರೆ, ಅದು ಹಳೇ ಬಗೆಯ ಅಗ್ಗದ ಎಸ್‌ಎಂಪಿಎಸ್ ಎಂದೇ ತಿಳಿಯಿರಿ. ಅದರ ಮೇಲೆ ಕಾರ್ಡ್ ಹೇರಬೇಡಿ.

ಬದಲಾಯಿಸುವುದಾದರೆ 80 ಪ್ಲಸ್ ಎಂಬ ದಕ್ಷತೆಯ ಗುರುತಿರುವ, 12 ವೋಲ್ಟ್ ಸಾಲಿನಲ್ಲೇ 30 ಆಂಪಿಯರ್‌ಗಿಂತ ಹೆಚ್ಚು ಕೊಡುವ 450 ವಾಟಿನದು ಧಾರಾಳ ಸಾಕು. ನಿಮ್ಮದು ಜೋಡಿಸಿದ ಯಂತ್ರವಾದ್ದರಿಂದ 24 ಪಿನ್ನಿನ ಮಾಮೂಲಿ ಕನೆಕ್ಟರ್ ಇರುತ್ತದೆ, ಬದಲಾವಣೆ ಸಲೀಸು. ಪ್ರೊಸೆಸರ್ ಪಕ್ಕದ 4 ಪಿನ್ನಿನ ಕನೆಕ್ಟರ್ ಹಾಕುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ.

ಎರಡನೆಯದು ಸ್ಲಾಟ್. ಬೋರ್ಡಿನ ಮೇಲೆ ಸುಮಾರು 9 ಸೆಂಟಿಮೀಟರ್ ಉದ್ದ, ತುದಿಯಲ್ಲಿ ಚಿಕ್ಕ ಕೊಕ್ಕೆ ಇರುವುದು ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್16. ಅದರ ಪಕ್ಕದ ಎರಡೂವರೆ ಸೆಂಟಿಮೀಟರಿನ ಗಿಡ್ಡ ಸ್ಲಾಟ್ ಎಕ್ಸ್1, ಅದಕ್ಕೆ ಈ ಕಾರ್ಡ್‌ಗಳು ಕೂರುವುದಿಲ್ಲ. ಬಿಳಿ ಬಣ್ಣದ ಹಳೇ ಪಿಸಿಐ ಸ್ಲಾಟ್ ಉದ್ದದಲ್ಲಿ ಎಕ್ಸ್16ಕ್ಕೆ ಹತ್ತಿರವಿದ್ದರೂ ಅದರ ಜಾತಿಯೇ ಬೇರೆ. ಎಚ್61 ಬೋರ್ಡಿನಲ್ಲಿ ನಿಮ್ಮ ಮೂರನೇ ತಲೆಮಾರಿನ ಪ್ರೊಸೆಸರ್ ಇದ್ದಾಗ, ಬೋರ್ಡಿನ ಬಯಾಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಒಪ್ಪಿದರೆ, ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ 3.0 ಆವೃತ್ತಿಯ ವೇಗದಲ್ಲಿ ಓಡುತ್ತದೆ. ಅದೇ ಬೋರ್ಡಿನಲ್ಲಿ ಎರಡನೇ ತಲೆಮಾರಿನ ಐ3-2120 ಇದ್ದಿದ್ದರೆ 2.0 ವೇಗವೇ ಗತಿ. ಹಾಗೆಂದು ಕಾರ್ಡ್ ಓಡುವುದಿಲ್ಲ ಎಂದಲ್ಲ. ಹೊಸ ಕಾರ್ಡ್ ಹಳೇ ಸ್ಲಾಟಿನಲ್ಲಿ ಸ್ಲಾಟಿನ ವೇಗಕ್ಕೆ ಇಳಿದು ಕೆಲಸ ಮಾಡುತ್ತದೆ.

ಮೂರನೆಯದು ಜಾಗ. ಹಿಂಬದಿ ತಗಡಿನಿಂದ ಹಾರ್ಡ್‌ಡಿಸ್ಕ್ ಗೂಡಿನವರೆಗೆ ಅಳತೆ ಟೇಪು ಹಿಡಿಯಿರಿ. ಎರಡು ಫ್ಯಾನಿನ ಕಾರ್ಡ್‌ಗೆ 20ರಿಂದ 24 ಸೆಂಟಿಮೀಟರ್ ಬೇಕಾಗುತ್ತದೆ. ಒಂದು ಫ್ಯಾನಿನದು 15ರಿಂದ 17ರಲ್ಲಿ ಮುಗಿಯುತ್ತದೆ. ಹಳೇ ಕ್ಯಾಬಿನೆಟ್ಟುಗಳಲ್ಲಿ ಹಾರ್ಡ್‌ಡಿಸ್ಕಿನ ಸಾಟಾ ವೈರು ಹಿಂದಕ್ಕೆ ಚಾಚಿಕೊಂಡಿರುತ್ತದೆ, ಅಳೆಯುವಾಗ ಅದಕ್ಕೂ ಎರಡು ಬೆರಳು ಜಾಗ ಬಿಡಿ. ಎಚ್61 ಬೋರ್ಡುಗಳಲ್ಲಿ ಸ್ಲಾಟಿನ ಮುಂದೆಯೇ ಸಾಟಾ ಕನೆಕ್ಟರ್‌ಗಳು ನೆಟ್ಟಗೆ ನಿಂತಿರುವುದೂ ಉಂಟು. ಉದ್ದದ ಕಾರ್ಡ್ ಅವುಗಳ ಮೇಲೆ ಬಂದು ಕೂತರೆ ವೈರು ಹಾಕಲು ಆಗುವುದಿಲ್ಲ.

ಇನ್ನು ಬಯಾಸ್. ಅದು ಹಳೆಯದಾದರೆ ಹೊಸ ಕಾರ್ಡಿನ ಜೊತೆ ಹಟ ಮಾಡೀತು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂ-ಎಸ್-ಐ-ಎನ್-ಎಫ್-ಓ-32 ಎಂದು ಟೈಪ್ ಮಾಡಿ ಎಂಟರ್ ಹೊಡೆಯಿರಿ. ತೆರೆದ ಕಿಟಕಿಯಲ್ಲಿ ಬೇಸ್‌ಬೋರ್ಡ್ ಪ್ರಾಡಕ್ಟ್ ಎಂಬಲ್ಲಿ ಬೋರ್ಡಿನ ಮಾದರಿ, ಬಯಾಸ್ ಮೋಡ್ ಎಂಬಲ್ಲಿ ಲೆಗಸಿ (ಹಳೇ ಬಗೆ) ಅಥವಾ ಯುಇಎಫ್‌ಐ (ಹೊಸ ಬಗೆ) ಎಂದು ಇರುತ್ತದೆ. ಸಿಸ್ಟಮ್ ಟೈಪ್ ಎಂಬಲ್ಲಿ ಎಕ್ಸ್64 ಇರಲೇಬೇಕು. 32 ಬಿಟ್ ವಿಂಡೋಸ್‌ಗೆ ಎನ್‌ವಿಡಿಯಾ 2018ರಿಂದಲೇ ಹೊಸ ಡ್ರೈವರ್ ಕೊಡುವುದನ್ನು ಬಿಟ್ಟಿದೆ. ಬೋರ್ಡಿನ ಮಾದರಿ ಬರೆದುಕೊಂಡು ತಯಾರಕರ ಜಾಲತಾಣದಲ್ಲಿ ಕೊನೆಯ ಬಯಾಸ್ ಯಾವುದೆಂದು ನೋಡಿ. ಅಪ್‌ಡೇಟ್ ಮಾಡುವುದಾದರೆ ಯುಪಿಎಸ್ ಮೇಲೆ ಇಟ್ಟು ಮಾಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತಂತೆ.

ಇಷ್ಟೂ ಸರಿಬಂದರೆ ನಿಮಗೆ ನಮ್ಮ ಸಲಹೆ 4 ಜಿಬಿಯ ಜಿಟಿಎಕ್ಸ್ 1650. 2019ರ ಕಾರ್ಡ್, 75 ವಾಟ್. ಇದರಲ್ಲಿ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ 6 ಪಿನ್ ಕರೆಂಟ್ ವೈರು ಕೇಳುವ ಮಾದರಿಗಳೂ ಇವೆ, ಕೇಳದವೂ ಇವೆ. ಡಬ್ಬಿಯ ಚಿತ್ರ ನೋಡಿ ಖಚಿತಪಡಿಸಿಕೊಳ್ಳಿ. ಇನ್ನೂ ಸ್ವಲ್ಪ ಖರ್ಚು ಮಾಡುವ ಮನಸ್ಸಿದ್ದರೆ 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050, 70 ವಾಟಿನದು, ಬ್ಲೆಂಡರ್‌ಗೆ ಹೆಚ್ಚು ಹೊಂದುತ್ತದೆ. ಮುಂದೆ ಹೊಸ ಯಂತ್ರ ಕೊಂಡಾಗ ಅದರಲ್ಲಿಯೂ ಬಳಸಬಹುದು. ಅದಕ್ಕಿಂತ ಮೇಲಿನ ಕಾರ್ಡ್ ಬೇಡ. ಐ5-3470ರ ನಾಲ್ಕು ಕೋರ್‌ಗಳು ಅದಕ್ಕೆ ಕೆಲಸ ಒದಗಿಸಲಾರವು, ದುಡ್ಡು ಸುಮ್ಮನೆ ಕೂರುತ್ತದೆ. ಇಂಟೆಲ್ ಆರ್ಕ್ ಎ380 ಅಗ್ಗ ಕಂಡರೂ ನಿಮಗಲ್ಲ. ರೀಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದ ಹಳೇ ಬೋರ್ಡಿನಲ್ಲಿ ಅದು ತೀರಾ ಸೊರಗುತ್ತದೆ.

ಎರಡು ಸಂಗತಿ ಮಗನಿಗೆ ಮೊದಲೇ ತಿಳಿಸಿಬಿಡಿ. ಈ ಪ್ರೊಸೆಸರಿನಲ್ಲಿ ಎವಿಎಕ್ಸ್2 ಎಂಬ ಆದೇಶಗಳ ಗುಂಪು ಇಲ್ಲ. ಇಂಟೆಲ್‌ನಲ್ಲಿ ಅದು ಬಂದದ್ದು 2013ರ ನಾಲ್ಕನೇ ತಲೆಮಾರಿನಿಂದ. ಅದನ್ನು ಕೇಳುವ ಹೊಸ ಗೇಮ್‌ಗಳು ಎಂಥ ಕಾರ್ಡ್ ಹಾಕಿದರೂ ತೆರೆಯುವುದೇ ಇಲ್ಲ. ಮತ್ತೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ಬ್ಲೆಂಡರ್ ಲಿನಕ್ಸ್‌ನಲ್ಲೂ ಚೆನ್ನಾಗಿಯೇ ಓಡುತ್ತದೆ, ಕಲಿಯುವ ಹುಡುಗನಿಗೆ ಅದು ಒಳ್ಳೆಯ ದಾರಿ.

ಪ್ರಶ್ನೆ: ಕಚೇರಿಯಿಂದ ಬಿಡುಗಡೆಯಾದ ಡೆಲ್ ಆಪ್ಟಿಪ್ಲೆಕ್ಸ್ 7010, ತೆಳ್ಳನೆಯ ಡಬ್ಬಿಯದು, ಸೆಕೆಂಡ್‌ಹ್ಯಾಂಡ್ ಕೊಂಡಿದ್ದೇನೆ. ಟ್ಯೂಷನ್ ಪಾಠಗಳನ್ನು ಪರದೆ ಸಮೇತ ರೆಕಾರ್ಡ್ ಮಾಡಿ ಹಾಕಬೇಕು. ಒಳಗೆ ಉದ್ದದ ಸ್ಲಾಟ್ ಎರಡಿವೆ. ಯಾವುದಕ್ಕೆ, ಯಾವ ಕಾರ್ಡ್?
(ಶಿಕ್ಷಕಿ, ಮದ್ದೂರು)

ಉತ್ತರ: ಮೇಡಂ, ಇದು 2012ರ ಮಾದರಿ. ತೆಳ್ಳನೆಯ ಡಬ್ಬಿಯಲ್ಲಿರುವ ಎಸ್‌ಎಂಪಿಎಸ್ 240 ವಾಟ್, ಆಕಾರವೂ ಡೆಲ್‌ನದೇ. ಮಾಮೂಲಿ ಎಸ್‌ಎಂಪಿಎಸ್ ಆ ಜಾಗದಲ್ಲಿ ಕೂರುವುದಿಲ್ಲ. ಆದ್ದರಿಂದ ಇರುವ ಕರೆಂಟಿನಲ್ಲೇ ಸಂಸಾರ ಮಾಡಬೇಕು.

ಸ್ಲಾಟ್‌ಗಳ ಬಗ್ಗೆ ಸರಿಯಾಗಿಯೇ ಕೇಳಿದ್ದೀರಿ. ಎರಡೂ ಒಂದೇ ಉದ್ದವಿದ್ದರೂ ಒಂದು ಮಾತ್ರ ನಿಜವಾದ ಎಕ್ಸ್16. ಮೊಬೈಲ್ ಟಾರ್ಚ್ ಹಿಡಿದು ಸ್ಲಾಟಿನ ಸೀಳಿನೊಳಗೆ ನೋಡಿ. ಒಂದರಲ್ಲಿ ಚಿನ್ನದ ಬಣ್ಣದ ಹಲ್ಲುಗಳು ಈ ತುದಿಯಿಂದ ಆ ತುದಿಯವರೆಗೆ ಸಾಲಾಗಿ ಇರುತ್ತವೆ. ಇನ್ನೊಂದರಲ್ಲಿ ಮೊದಲ ಒಂದಿಷ್ಟು ಜಾಗದಲ್ಲಿ ಹಲ್ಲಿದ್ದು ಮುಂದೆ ಬರೀ ಪ್ಲಾಸ್ಟಿಕ್. ಹಲ್ಲು ತುಂಬಿದ ಸ್ಲಾಟೇ ಕಾರ್ಡಿನದು. ಡೆಲ್‌ನವರು ಅದಕ್ಕೆ ನೀಲಿ ಬಣ್ಣ ಕೊಟ್ಟಿರುತ್ತಾರೆ. ಈ ಟಾರ್ಚಿನ ಪರೀಕ್ಷೆ ಯಾವ ಕಂಪನಿಯ ಬೋರ್ಡಿಗಾದರೂ ನಡೆಯುತ್ತದೆ.

ಡಬ್ಬಿ ತೆಳ್ಳಗಿರುವುದರಿಂದ ಲೋ ಪ್ರೊಫೈಲ್ ಕಾರ್ಡೇ ಬೇಕು. ಮಾಮೂಲಿ ಕಾರ್ಡಿನ ತಗಡು ಪಟ್ಟಿ 12 ಸೆಂಟಿಮೀಟರ್, ಲೋ ಪ್ರೊಫೈಲ್‌ನದು ಸುಮಾರು 8. ಕಾರ್ಡಿನ ಜೊತೆ ಗಿಡ್ಡ ಪಟ್ಟಿ ಬಂದಿದೆಯೇ ಎಂದು ಅಂಗಡಿಯಲ್ಲೇ ಡಬ್ಬಿ ತೆರೆಸಿ ನೋಡಿ. ಬರೀ ಉದ್ದದ ಪಟ್ಟಿ ಇದ್ದರೆ ಕಾರ್ಡ್ ಚಿಕ್ಕದಾದರೂ ಮುಚ್ಚಳ ಹಾಕಲಾಗದು. ಕಾರ್ಡಿನ ದಪ್ಪವನ್ನೂ ನೋಡಿ. ಎರಡು ಸ್ಲಾಟಿನ ಜಾಗ ನುಂಗುವ ಕಾರ್ಡ್ ತೆಳ್ಳನೆಯ ಡಬ್ಬಿಗಳಲ್ಲಿ ಅನೇಕ ಸಲ ಪಕ್ಕದ ಗೋಡೆಗೋ ಎಸ್‌ಎಂಪಿಎಸ್‌ಗೋ ತಾಗುತ್ತದೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಮುಂದಿಡುವುದು 30 ವಾಟಿನ ಜಿಟಿ 1030, ಇಲ್ಲವೇ 53 ವಾಟಿನ ಆರ್‌ಎಕ್ಸ್ 6400. ನಿಮ್ಮ ಕೆಲಸಕ್ಕೆ ಎರಡೂ ಬೇಡ. ಪರದೆಯನ್ನು ರೆಕಾರ್ಡ್ ಮಾಡುವಾಗ ವಿಡಿಯೊವನ್ನು ಕುಗ್ಗಿಸಿ ಫೈಲ್ ಮಾಡುವ ಎನ್‌ಕೋಡರ್ ಎಂಬ ಭಾಗ ಈ ಎರಡು ಕಾರ್ಡ್‌ಗಳಲ್ಲೂ ಇಲ್ಲ. ಆ ಭಾರ ಮತ್ತೆ ಪ್ರೊಸೆಸರ್ ಮೇಲೇ ಬೀಳುತ್ತದೆ, ಕಾರ್ಡ್ ಹಾಕಿದ ಮೇಲೂ ರೆಕಾರ್ಡಿಂಗ್ ತಡವರಿಸುತ್ತದೆ. ಅಲ್ಲದೆ ಆರ್‌ಎಕ್ಸ್ 6400 ಎಕ್ಸ್16 ಸ್ಲಾಟಿನಲ್ಲಿ ಕೂತರೂ ಅದಕ್ಕೆ ಮಾಹಿತಿ ಸಾಗುವ ದಾರಿ ಇರುವುದು ನಾಲ್ಕೇ, 4.0 ಸ್ಲಾಟಿನಲ್ಲಿ ಸೆಕೆಂಡಿಗೆ 8 ಜಿಬಿ ಸಾಗಿಸುವುದು ನಿಮ್ಮ 3.0 ಸ್ಲಾಟಿನಲ್ಲಿ 4ಕ್ಕೆ ಇಳಿಯುತ್ತದೆ. ಎನ್‌ಕೋಡರ್ ಇರುವ ಜಿಟಿಎಕ್ಸ್ 1650, ಆರ್‌ಟಿಎಕ್ಸ್ 3050 ಎರಡೂ ಲೋ ಪ್ರೊಫೈಲ್‌ನಲ್ಲಿ ಬಂದಿವೆ. ಆದರೆ 75 ವಾಟನ್ನು ಎಲ್ಲ ತೆಳ್ಳನೆಯ ಯಂತ್ರಗಳ ಸ್ಲಾಟೂ ಕೊಡುವುದಿಲ್ಲ. ಸ್ಲಾಟಿಗೆ 25 ಅಥವಾ 35 ವಾಟ್ ಮಿತಿ ಹಾಕಿರುವ ಮಾದರಿಗಳೂ ಇವೆ, ಹಾಗಾಗಿ ನಿಮ್ಮ ಯಂತ್ರದ ತಾಂತ್ರಿಕ ಕೈಪಿಡಿಯಲ್ಲಿ ಆ ಸಾಲನ್ನು ಹುಡುಕದೆ ದುಡ್ಡು ಕೊಡಬೇಡಿ.

ಅದಕ್ಕೂ ಮೊದಲು ಒಂದು ಪ್ರಯೋಗ ಮಾಡಿ ನೋಡಿ: ರೆಕಾರ್ಡಿಂಗನ್ನು 1080ರಿಂದ 720ಕ್ಕೆ, ಸೆಕೆಂಡಿಗೆ 60 ಚಿತ್ರದಿಂದ 30ಕ್ಕೆ ಇಳಿಸಿ. ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಅದೇ ಅಳತೆಯ ಇನ್ನೊಂದು ಹಾಕಿ ಜೋಡಿ ಮಾಡಿ. ಕಪ್ಪುಹಲಗೆಯ ಬರಹ, ಸ್ಲೈಡು, ಮಾತು ಇಷ್ಟೇ ಇರುವ ಪಾಠಕ್ಕೆ ಇದು ಸಾಕಾಗುವ ಸಂಭವವೇ ಹೆಚ್ಚು.

ಪ್ರಶ್ನೆ: ಸ್ಟುಡಿಯೊದಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುತ್ತೇವೆ. ಕೋರ್ 2 ಡ್ಯುಯೊ, ಜಿ41 ಬೋರ್ಡ್, 4 ಜಿಬಿ ರ‍್ಯಾಮ್. ಫೋಟೊಶಾಪ್ ತೆವಳುತ್ತಿದೆ. ಕಾರ್ಡ್ ಹಾಕಿದರೆ ಸರಿಹೋಗುತ್ತದೆಯೇ?
(ಸ್ಟುಡಿಯೊ ಮಾಲೀಕರು, ಮಳವಳ್ಳಿ)

ಉತ್ತರ: ಇಲ್ಲ. ಈ ಯಂತ್ರಕ್ಕೆ ಒಂದು ರೂಪಾಯಿಯ ಕಾರ್ಡೂ ಬೇಡ. 36 ಇಂಚಿನ ಆಲ್ಬಂ ಹಾಳೆಯೊಂದನ್ನು ಇಪ್ಪತ್ತು ಲೇಯರ್ ಇಟ್ಟು ತೆರೆದರೆ 4 ಜಿಬಿ ತುಂಬಿ ಹೋಗುತ್ತದೆ, ಆಮೇಲೆ ಫೋಟೊಶಾಪ್ ಹಾರ್ಡ್‌ಡಿಸ್ಕನ್ನೇ ರ‍್ಯಾಮ್ ಥರ ಬಳಸತೊಡಗುತ್ತದೆ. ನೀವು ಕಾಣುತ್ತಿರುವ ತೆವಳಾಟ ಅದು. ಜಿ41ರ ಸ್ಲಾಟ್ 1.1 ವೇಗದ್ದು, ಕೋರ್ 2 ಡ್ಯುಯೊದಲ್ಲಿ ಎಸ್‌ಎಸ್‌ಇ 4.2 ಆದೇಶಗಳಿಲ್ಲ. ಈಗಿನ ಫೋಟೊಶಾಪ್ ಅದನ್ನು ಕೇಳುತ್ತದೆ. ಆ ದುಡ್ಡಿಗೆ ಕೈಯಿಂದ ಸ್ವಲ್ಪ ಸೇರಿಸಿ, ಹಳೆಯದೇ ಆದರೂ ಎಂಟನೇ ತಲೆಮಾರಿನ ಅಥವಾ ಅದರ ಮುಂದಿನ ಐ5 ಯಂತ್ರ ತನ್ನಿ, 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಹಾಕಿಸಿ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನಲ್ಲೇ ಆಲ್ಬಂ ಕೆಲಸ ಓಡುತ್ತದೆ. ಕಾರ್ಡ್ ಬೇಕೆನಿಸಿದರೆ ಆಮೇಲೆ ನೋಡೋಣ.

ಹಳೇ ಯಂತ್ರವನ್ನು ಬಿಲ್ಲು ಬರೆಯಲು ಇಟ್ಟುಕೊಳ್ಳುವುದಾದರೆ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ, ಬೋರ್ಡಿನ ಕಾಲ ಮುಗಿಯುತ್ತಾ ಬಂತು. ಗಿರಾಕಿಗಳ ಫೋಟೊಗಳನ್ನು ಬೇರೆ ಡಿಸ್ಕಿಗೆ ಈವತ್ತೇ ನಕಲು ಮಾಡಿಡಿ.

ಪ್ರಶ್ನೆ: ಜಿಟಿಎಕ್ಸ್ 1650 ಹಾಕಿದೆ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಕಾರ್ಡ್ ತೆಗೆದರೆ ಎಲ್ಲ ಸರಿ. ಮಾನಿಟರ್ 2010ರದು, ವಿಜಿಎ ಮಾತ್ರ ಇದೆ. ಡಿವಿಐ-ವಿಜಿಎ ಕನ್ವರ್ಟರ್ ಹಾಕಿಕೊಂಡಿದ್ದೇನೆ. ಕಾರ್ಡೇ ಕೆಟ್ಟಿದೆಯೇ?
(ಓದುಗರೊಬ್ಬರು, ನಂಜನಗೂಡು)

ಉತ್ತರ: ಕಾರ್ಡಿನ ಮೇಲೆ ಅನುಮಾನ ಪಡುವ ಮೊದಲು ಆ ಕನ್ವರ್ಟರನ್ನು ಕೈಗೆತ್ತಿಕೊಳ್ಳಿ. ಡಿವಿಐ ತುದಿಯಲ್ಲಿ ಅಡ್ಡ ಗೀಟಿನಂಥ ಚಪ್ಪಟೆ ಪಿನ್ ಒಂದಿರುತ್ತದೆ. ಅದರ ಮೇಲೆ ಎರಡು, ಕೆಳಗೆ ಎರಡು ಪಿನ್ ಇದ್ದರೆ ಅದು ಬರೀ ವೈರು ಬದಲಾಯಿಸುವ ಸಾದಾ ಕನ್ವರ್ಟರ್. ಕಾರ್ಡಿನ ಡಿವಿಐ ಕಿಂಡಿಯಲ್ಲಿ ಆ ನಾಲ್ಕು ಪಿನ್‌ಗೆ ತೂತೇ ಇಲ್ಲ. ಎನ್‌ವಿಡಿಯಾದ ಜಿಟಿಎಕ್ಸ್ 10 ಸರಣಿಯಿಂದೀಚೆಗೆ ಕಾರ್ಡ್‌ಗಳು ವಿಜಿಎಗೆ ಬೇಕಾದ ಅನಲಾಗ್ ಸಂಕೇತ ಹೊರಡಿಸುವುದನ್ನೇ ನಿಲ್ಲಿಸಿವೆ. ನಾಲ್ಕು ಪಿನ್ ಕತ್ತರಿಸಿ ತೂರಿಸಿದರೂ ಚಿತ್ರ ಬಾರದು. ನಿಮಗೆ ಬೇಕಾದ್ದು ಒಳಗೆ ಚಿಪ್ ಇರುವ ಎಚ್‌ಡಿಎಂಐ-ವಿಜಿಎ ಕನ್ವರ್ಟರ್. ಅಥವಾ ಪರೀಕ್ಷೆಗೆ ಮನೆಯ ಟಿವಿಯ ಎಚ್‌ಡಿಎಂಐಗೇ ನೇರವಾಗಿ ಜೋಡಿಸಿ ನೋಡಿ.

ಟಿವಿಯಲ್ಲೂ ಬಾರದಿದ್ದರೆ ಮುಂದಿನ ಕ್ರಮ. ಕೇಬಲ್ಲು ಕಾರ್ಡಿನ ಕಿಂಡಿಯಲ್ಲಿದೆಯೇ, ಬೋರ್ಡಿನದರಲ್ಲೋ ನೋಡಿ. ಕಾರ್ಡನ್ನು ಬಿಚ್ಚಿ, ಚಿನ್ನದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಊದಿ, ಸ್ಲಾಟಿನ ಕೊಕ್ಕೆ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಕಾರ್ಡಿನಲ್ಲಿ 6 ಪಿನ್ ಕಿಂಡಿ ಇದ್ದರೆ ಅದಕ್ಕೆ ವೈರು ಹೋಗಿರಲೇಬೇಕು. ಒಂದು ಉದ್ದ, ಎರಡು ಗಿಡ್ಡ ಬೀಪ್ ಕೇಳಿಸಿದರೆ ಬೋರ್ಡಿಗೆ ಕಾರ್ಡ್ ಸಿಕ್ಕಿಲ್ಲ ಎಂದು ಸಾಮಾನ್ಯ ಅರ್ಥ. ಬೀಪೇ ಇಲ್ಲದೆ ಒಳಗೆ ವಿಂಡೋಸ್ ಶುರುವಾಗುವ ಸದ್ದು ಬಂದರೆ ತೊಂದರೆ ಚಿತ್ರ ಹೊರಡುವ ಕಡೆ.

ಆಮೇಲೆ ಕಾರ್ಡ್ ತೆಗೆದು ಬಯಾಸ್‌ಗೆ ಹೋಗಿ. ಜೋಡಿಸಿದ ಯಂತ್ರಗಳಲ್ಲಿ ಡಿಲೀಟ್, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1. ಪ್ರೈಮರಿ ಡಿಸ್‌ಪ್ಲೇ ಎಂಬಲ್ಲಿ ಪಿಇಜಿ (ಅಂದರೆ ಗ್ರಾಫಿಕ್ಸ್ ಕಾರ್ಡ್) ಅಥವಾ ಆಟೋ ಇಡಿ. ಸೇವ್ ಮಾಡಿದ್ದು ಮಾರನೇ ದಿನ ಅಳಿಸಿಹೋಗಿದ್ದರೆ ಬೋರ್ಡಿನ ಗುಂಡಗಿನ ಸಿಆರ್2032 ಬ್ಯಾಟರಿ ಸತ್ತಿದೆ. 3 ವೋಲ್ಟಿನ ಸೆಲ್, ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಗಡಿಯಾರ ಪ್ರತಿಸಲ ಹಿಂದಕ್ಕೆ ಹೋಗುವುದು ಇದರ ಲಕ್ಷಣ. ಇಷ್ಟಾದರೂ ಚಿತ್ರ ಬಾರದಿದ್ದರೆ ಬಯಾಸ್ ಅಪ್‌ಡೇಟ್. ಯುಇಎಫ್‌ಐ ಬರುವ ಹೊಸ್ತಿಲಲ್ಲಿ ತಯಾರಾದ, ಅಂದರೆ 2011-12ರ ಆಸುಪಾಸಿನ ಬೋರ್ಡ್‌ಗಳು ಹೊಸ ಕಾರ್ಡ್‌ಗಳ ಜೊತೆ ಹಟ ಮಾಡುವುದು ಉಂಟು.

ಪ್ರಶ್ನೆ: ನಮ್ಮ ಮನೆ ಆಲೆಮನೆಯ ಹತ್ತಿರವಿದೆ. ಕಾರ್ಡ್ ಹಾಕಿದ ಮೇಲೆ ಬೆಳಗಿನ ಹೊತ್ತು ಗೇಮ್ ಚೆನ್ನಾಗಿ ಓಡುತ್ತದೆ. ಸಂಜೆಯಾದರೆ ಹತ್ತು ನಿಮಿಷಕ್ಕೆ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. 6 ಪಿನ್ ಇಲ್ಲದ ಕಾರಣ ಸಾಟಾ ವೈರಿನಿಂದ ಕನ್ವರ್ಟರ್ ಹಾಕಿಕೊಂಡಿದ್ದೇನೆ.
(ಓದುಗರೊಬ್ಬರು, ಪಾಂಡವಪುರ ತಾಲ್ಲೂಕು)

ಉತ್ತರ: ಎಲ್ಲಕ್ಕಿಂತ ಮೊದಲು ಆ ಕನ್ವರ್ಟರ್ ಕಿತ್ತುಹಾಕಿ, ಈ ಸಾಲು ಓದಿದ ತಕ್ಷಣ. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟ್‌ಗೆ ಮೂರು ಪಿನ್, ಒಂದೊಂದಕ್ಕೆ ಒಂದೂವರೆ ಆಂಪಿಯರ್, ಒಟ್ಟು 54 ವಾಟ್. 6 ಪಿನ್ ಕಿಂಡಿಯ ಮೂಲಕ ಕಾರ್ಡ್ ಕೇಳಬಹುದಾದ್ದು 75. ಹೆಚ್ಚಾದ ಭಾರಕ್ಕೆ ಆ ತೆಳು ಪಿನ್‌ಗಳು ಕಾದು ಪ್ಲಾಸ್ಟಿಕ್ ಕರಗುತ್ತದೆ. ಕನೆಕ್ಟರಿನ ಅಂಚು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಆಗಲೇ ಶುರುವಾಗಿದೆ. 6 ಪಿನ್ ವೈರು ತನ್ನದೇ ಆಗಿ ಹೊಂದಿರುವ ಎಸ್‌ಎಂಪಿಎಸ್ ಬರುವವರೆಗೆ ಕಾರ್ಡ್ ತೆಗೆದಿಡಿ.

ಸಂಜೆಯೇ ಯಾಕೆ ಎಂಬುದಕ್ಕೆ ಮಲ್ಟಿಮೀಟರ್ ಉತ್ತರ ಹೇಳುತ್ತದೆ. ಎಸಿ 750 ಎಂಬಲ್ಲಿ ತಿರುಗಿಸಿ, ಸಂಜೆ ಏಳರ ಹೊತ್ತಿಗೆ ಗೋಡೆಯ ಪ್ಲಗ್ಗಿನಲ್ಲಿ ವೋಲ್ಟೇಜ್ ನೋಡಿ. ಊರಿನ ಲೈಟೆಲ್ಲ ಹೊತ್ತಿಕೊಳ್ಳುವ ಸಮಯದಲ್ಲಿ, ಅದೇ ಟ್ರಾನ್ಸ್‌ಫಾರ್ಮರಿನಲ್ಲಿ ಪಂಪ್‌ಸೆಟ್ಟೂ ಇದ್ದರೆ, 230 ಇರಬೇಕಾದ್ದು 180ಕ್ಕೆ ಇಳಿದಿರಬಹುದು. ಕೊಳ್ಳುವ ಎಸ್‌ಎಂಪಿಎಸ್‌ನ ಚೀಟಿಯಲ್ಲಿ ಇನ್‌ಪುಟ್ 100-240 ಎಂದಿದ್ದರೆ ಇಷ್ಟು ಇಳಿತವನ್ನು ಅದು ಲೆಕ್ಕಿಸುವುದಿಲ್ಲ, ಸ್ಟೆಬಿಲೈಸರೂ ಬೇಡ. 200-240 ಎಂದಿರುವುದು ನಿಮ್ಮ ಊರಿಗಲ್ಲ. ಯುಪಿಎಸ್ ಇದ್ದರೆ ಅದನ್ನೂ ಲೆಕ್ಕಕ್ಕೆ ತನ್ನಿ. 600 ವಿಎ ಎಂದು ಮಾರುವವು ಸಾಮಾನ್ಯವಾಗಿ 360 ವಾಟಿನವು. ವೋಲ್ಟೇಜ್ ಕುಸಿದಾಗ ಅದು ಬ್ಯಾಟರಿಗೆ ಹೊರಳುತ್ತದೆ, ಬ್ಯಾಟರಿ ಹಳತಾಗಿದ್ದರೆ ಗೇಮಿನ ಭಾರಕ್ಕೆ ಆ ಕ್ಷಣವೇ ಕೈಬಿಡುತ್ತದೆ. ಒಂದು ಸಂಜೆ ಯುಪಿಎಸ್ ತಪ್ಪಿಸಿ ನೇರವಾಗಿ ಪ್ಲಗ್ಗಿಗೆ ಹಾಕಿ ನೋಡಿದರೆ ತಪ್ಪು ಯಾರದೆಂದು ಬೇರ್ಪಡುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನೆಲ್-ಪವರ್ 41 ಎಂದು ಮಾತ್ರ ದಾಖಲಾಗಿದ್ದು ನೀಲಿ ಪರದೆಯ ಸುಳಿವಿಲ್ಲದಿದ್ದರೆ ಕರೆಂಟಿನದೇ ತೊಂದರೆ ಇರುವ ಸಂಭವ ಹೆಚ್ಚು.

ಕೈ ಜುಮ್ಮೆನ್ನುವುದು ಅರ್ಥಿಂಗ್ ಇಲ್ಲದ್ದಕ್ಕೆ. ಎಸ್‌ಎಂಪಿಎಸ್‌ನೊಳಗೆ ಗದ್ದಲ ಸೋಸುವ ಎರಡು ಪುಟ್ಟ ಕೆಪಾಸಿಟರ್‌ಗಳು ಲೈನ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್ಟಿಗೆ ಜೋಡಿಸಿಕೊಂಡಿರುತ್ತವೆ. ಅರ್ಥ್ ವೈರು ಭೂಮಿಗೆ ಹೋಗದಿದ್ದಾಗ ಕ್ಯಾಬಿನೆಟ್ ಅರ್ಧ ವೋಲ್ಟೇಜಿನಲ್ಲಿ, ಅಂದರೆ 115ರ ಆಸುಪಾಸಿನಲ್ಲಿ ತೇಲುತ್ತದೆ. ಪ್ಲಗ್ಗಿನ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆದರೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಪಿಟ್ ಸರಿಮಾಡಿಸಿ. ಈ ಸ್ಥಿತಿಯಲ್ಲಿ ಎಚ್‌ಡಿಎಂಐ ಕೇಬಲ್ಲನ್ನು ಆನ್ ಇರುವಾಗ ಕಿತ್ತು ಹಾಕುವುದರಿಂದಲೇ ಕಾರ್ಡಿನ ಕಿಂಡಿ ಸುಡುತ್ತದೆ. ಎರಡೂ ಕಡೆ ಪ್ಲಗ್ ತೆಗೆದು ಜೋಡಿಸಿ.

ಇನ್ನು ಆಲೆಮನೆ. ಅದರ ಹೊಗೆಯ ಮಸಿ ಮನೆಯ ಮಾಮೂಲಿ ಧೂಳಿನಂತಲ್ಲ, ಅಂಟುತ್ತದೆ. ಪ್ರೊಸೆಸರ್ ಫ್ಯಾನನ್ನು ಬಿಚ್ಚಿ ಕೆಳಗೆ ನೋಡಿ. ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಕಪ್ಪು ಕಂಬಳಿಯಂಥ ಪದರ ಹಾಸಿರುತ್ತದೆ. ಊದಿದರೆ ಹೋಗುವುದಿಲ್ಲ. ಅರ್ಧ ಇಂಚಿನ ಪೇಂಟ್ ಬ್ರಷ್‌ನಿಂದ ಕೆರೆದು ಆಮೇಲೆ ಬ್ಲೋವರ್ ಹಿಡಿಯಿರಿ. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು, ಇಲ್ಲದಿದ್ದರೆ ಮಿತಿಮೀರಿ ಸುತ್ತಿ ಬೇರಿಂಗ್ ಸಡಿಲಾಗುತ್ತದೆ. ರೆಕ್ಕೆಗೆ ಅಂಟಿದ್ದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ನೀರು ಬೇಡ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿದ್ದರೆ ಒರೆಸಿ ತೆಗೆದು, ತೊಗರಿಕಾಳಿನಷ್ಟು ಹೊಸದು ಇಡಿ. ಕಬ್ಬು ನುರಿಯುವ ತಿಂಗಳುಗಳಲ್ಲಿ ಆರು ವಾರಕ್ಕೊಮ್ಮೆ ಇದನ್ನು ಮಾಡಿದರೆ ಒಳ್ಳೆಯದು. ಗೇಮ್ ಓಡುವಾಗ ಕಾರ್ಡಿನ ತಾಪ 85 ಡಿಗ್ರಿ ದಾಟುತ್ತಿದ್ದರೆ ಗಾಳಿಯ ದಾರಿ ಇನ್ನೂ ಕಟ್ಟಿದೆ ಎಂದರ್ಥ.

ಪ್ರಶ್ನೆ: ಆನ್‌ಲೈನ್‌ನಲ್ಲಿ 4 ಜಿಬಿಯ ಜಿಟಿಎಕ್ಸ್ 1050 ಟಿಐ ಅರ್ಧ ಬೆಲೆಗೆ ಸಿಗುತ್ತಿದೆ. ವಿಜಿಎ ಕಿಂಡಿಯೂ ಇದೆ, ನನ್ನ ಮಾನಿಟರಿಗೆ ಅನುಕೂಲ. ಇನ್ನೊಬ್ಬರು 4 ಜಿಬಿಯ ಜಿಟಿ 730 ಕೊಡುತ್ತೇನೆ, 2 ಜಿಬಿಯ ಜಿಟಿ 1030ಗಿಂತ ಅದೇ ಮೇಲು ಅನ್ನುತ್ತಾರೆ.
(ವಿದ್ಯಾರ್ಥಿ, ಸರಸ್ವತಿಪುರಂ, ಮೈಸೂರು)

ಉತ್ತರ: ಆ ವಿಜಿಎ ಕಿಂಡಿಯೇ ಕಳ್ಳನನ್ನು ಹಿಡಿದುಕೊಟ್ಟಿದೆ. ಅಸಲಿ 1050 ಟಿಐಗೆ ವಿಜಿಎ ಇರುವುದಿಲ್ಲ, ಕಾರಣವನ್ನು ನಂಜನಗೂಡಿನ ಓದುಗರಿಗೆ ಹೇಳಿದ್ದೇವೆ. ಜಿಟಿಎಸ್ 450, ಜಿಟಿಎಕ್ಸ್ 550 ಟಿಐ ಮುಂತಾದ 2010-11ರ ಕಾರ್ಡ್‌ಗಳ ಬಯಾಸ್ ತಿದ್ದಿ ಹೊಸ ಹೆಸರು ಹಾಕಿ ಮಾರುತ್ತಾರೆ. ವಿಂಡೋಸ್ ಕೂಡ ಆ ಸುಳ್ಳು ಹೆಸರನ್ನೇ ತೋರಿಸುತ್ತದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಹೊಸ ಆವೃತ್ತಿ ಇಂಥವುಗಳ ಹೆಸರಿನ ಮುಂದೆ ಫೇಕ್ ಎಂದೇ ಬರೆಯುತ್ತದೆ. ಅಸಲಿ 1050 ಟಿಐ ಸಿಕ್ಕರೂ ಯೋಚಿಸಿ. 2016ರ ಆ ಪೀಳಿಗೆಗೆ ಹೊಸ ಗೇಮ್‌ಗಳ ಡ್ರೈವರ್ 2025ರ ಅಕ್ಟೋಬರಿಗೆ ನಿಂತು, ಈಗ ಭದ್ರತೆಯ ತಿದ್ದುಪಡಿ ಮಾತ್ರ ಬರುತ್ತಿದೆ.

ಜಿಬಿ ನೋಡಿ ಕಾರ್ಡ್ ಅಳೆಯಬೇಡಿ. ನೆನಪು ಎಷ್ಟಿದೆ ಎಂಬುದಕ್ಕಿಂತ ಅದು ಎಷ್ಟು ಬೇಗ ಸಾಗುತ್ತದೆ ಎಂಬುದು ಮುಖ್ಯ. 64 ಬಿಟ್ ಡಿಡಿಆರ್3 ಇರುವ ಜಿಟಿ 730 ಸೆಕೆಂಡಿಗೆ 14.4 ಜಿಬಿ ಸಾಗಿಸಿದರೆ, ಜಿಡಿಡಿಆರ್5 ಇರುವ ಜಿಟಿ 1030 ಸಾಗಿಸುವುದು 48. ಆದರೆ 1030ರಲ್ಲೇ 2018ರ ಮೇಲೆ ಡಿಡಿಆರ್4 ಹಾಕಿದ ಇನ್ನೊಂದು ಬಗೆ ಅದೇ ಹೆಸರಿನಲ್ಲಿ ಬಂತು, ಅದರದು ಬರೀ 16.8. ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಡಿಡಿಆರ್4 ಎಂದಿದ್ದರೆ ಅಂಗಡಿಯಲ್ಲೇ ವಾಪಸ್ ಕೊಟ್ಟುಬಿಡಿ.

ಕೊಂಡ ಕಾರ್ಡನ್ನು ಹಾಕಿದ ಮೇಲೆ ಜಿಪಿಯು-ಝಡ್‌ನಲ್ಲಿ ಬಸ್ ಇಂಟರ್‌ಫೇಸ್ ಎಂಬ ಸಾಲು ನೋಡಿ. ಸುಮ್ಮನಿರುವಾಗ ಅಲ್ಲಿ 1.1 ಎಂದು ಕಂಡರೆ ಗಾಬರಿ ಬೇಡ, ಕರೆಂಟ್ ಉಳಿಸಲು ಕಾರ್ಡ್ ತಾನೇ ಇಳಿದಿರುತ್ತದೆ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಪರೀಕ್ಷೆ ಓಡಿಸಿದರೆ ಸ್ಲಾಟಿನ ನಿಜವಾದ ವೇಗ ಅಲ್ಲೇ ಕಾಣುತ್ತದೆ.